ಕಾಕಾನ ದಡಿ, ನನ್ನ ಪುಕ್ಕಟೆ ಸಿ.ಡಿ.

ಇಳಕಲ್ಲಿನ ನಮ್ಮ ಕಾಕಾ ನೇಯುವುದರಲ್ಲಿ ಎಷ್ಟು ಗಟ್ಟಿಗನೋ ಕಂಪ್ಯೂಟರಿನ ಮುಂದೆ ಅಷ್ಟೇ ಪುಕ್ಕಲ. ಆದರೂ ಮಗ್ಗದ ಪಕ್ಕದ ಕೋಣೆಯಲ್ಲಿ ಒಂದನ್ನು ಇಟ್ಟುಕೊಂಡು, ಸೀರೆಯ ಅಂಚಿಗೆ ಬರುವ ದಡಿಯ ವಿನ್ಯಾಸಗಳನ್ನು ಚೌಕ ಚೌಕವಾಗಿ ಅದರಲ್ಲಿ ಬಿಡಿಸಿಟ್ಟಿದ್ದ. ಅದರಲ್ಲೊಂದು ನಮ್ಮ ಅಜ್ಜಿಯ ಸೀರೆಯದು. ಆ ಸೀರೆ ಹರಿದು, ಹಳೆ ಬಟ್ಟೆ ಹೊಲಿದು ಮಾಡುವ ಕೌದಿಯೊಳಗೆ ಸೇರಿಹೋಗಿದ್ದರಿಂದ ದಡಿ ಉಳಿದದ್ದು ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಒಂದು ದಿನ ಕಂಪ್ಯೂಟರ್ ಏಳಲೇ ಇಲ್ಲ. ಬಾಗಲಕೋಟೆಯ ರಿಪೇರಿಯವನು, "ಡಿಸ್ಕ್ ಒರಸಿ ಹೊಸದಾಗಿ ಹಾಕಬೇಕ್ರಿ, ಒಳಗಿಂದೆಲ್ಲಾ ಹೋಗ್ತೈತಿ" ಅಂದ. ಕಾಕಾ ಒಪ್ಪದೆ, ಬಸ್ಸಿನಲ್ಲಿ ಕಂಪ್ಯೂಟರಿನ ಡಬ್ಬಿಗೂ ಒಂದು ಟಿಕೀಟು ತೆಗೆಸಿ, ಪಕ್ಕದಲ್ಲಿ ಕೂರಿಸಿಕೊಂಡು ವಾಪಸ್ಸು ತಂದ.

ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸಿ.ಡಿ. ನನ್ನಲ್ಲಿತ್ತು. ಅದನ್ನು ಹಾಕಿದರೆ ಕಂಪ್ಯೂಟರ್ ಸಿ.ಡಿ.ಯಿಂದಲೇ ಏಳುತ್ತದೆ, ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ ಎಂದು ಓದಿದ್ದೆ. ಹುನಗುಂದದಿಂದ ಮುಂಜಾನೆಯ ಬಸ್ಸು ಹಿಡಿದು ಬಂದೆ. ಹೊಸದು ಹಾಕಿದರೆ ಹಳೆಯದು ಅಳಿದೇ ಹೋಗುತ್ತದೆ ಎಂದು ಕಾಕಾ ಅಡ್ಡ ನಿಂತ.

"ಹಳೇ ಹಾಸಿನ ಎಳಿ ಕೊಯ್ಯದ ಮಗ್ಗಕ್ಕ ಹೊಸಾ ಹಾಸು ಹೆಂಗ ಏರ್ತೈತಿ? ನನಗ ಕಲಸಾಕ ಬಂದಿ ಏನ್ಲೇ?"

"ಇದೇನು ಮಗ್ಗ ಅಲ್ಲ ಕಾಕಾ. ಏರಸೂದೂ ಇಲ್ಲ, ಇಳಸೂದೂ ಇಲ್ಲ."

"ಹಂಗಾದ್ರ ನೇಯೂದು ಗಾಳಿ ಮ್ಯಾಲೇನು?"

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಅಡುಗೆಮನೆಯಿಂದ ಕೂಗಿದಳು: "ಸತ್ತದ್ದನ್ನ ಇನ್ನೇನ ಸಾಯಸ್ತಾನ್ರಿ ಅಂವಾ? ಹಾಕ್ಲಿ ಬಿಡ್ರಿ!"

ಸಿ.ಡಿ. ಗುಂಯ್‌ಗುಟ್ಟಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡತೊಡಗಿದವು.

"ಕೊಯ್ಯಾಕತ್ತೈತಿ, ನೋಡಲ್ಲಿ!" ಎಂದು ಕಾಕಾ ಸ್ವಿಚ್ಚಿಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಬಿಗಿಯಾಗಿ ಹಿಡಿದೆ. ಹಾಗೇ ಹಿಡಿದುಕೊಂಡೇ ಇಬ್ಬರೂ ಕಾದೆವು. ನೀಲಿ ಪರದೆ ಬಂತು, ಮೂಲೆಯಲ್ಲಿ ಡಿಸ್ಕಿನ ಚಿತ್ರ ಬಂತು. ಒತ್ತಿದೆ. ಕಾಕಾನ ಫೈಲುಗಳೆಲ್ಲ ಸಾಲಾಗಿ ಕೂತಿದ್ದವು. ಅಜ್ಜಿಯ ದಡಿ ತೆರೆಯಿತು.

ಕಾಕಾ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಎಳೆ ಎಣಿಸಿ ನೋಡಿದ.

"ಫ್ಲಾಪಿಗಿ ಹಾಕಿ ಕೊಡ್ತೇನಿ," ಅಂದೆ.

"ನಿನ್ನ ಫ್ಲಾಪಿ ನಿನ್ನ ಕಡೇನ ಇಟ್ಕೋ." ಗ್ರಾಫ್ ಹಾಳೆ ತರಿಸಿದ. "ಎರಡೆಳಿ ಕೆಂಪು, ಒಂದು ಬಿಳಿ, ಮತ್ತೆರಡು ಕೆಂಪು..." ಎಂದು ಅವನು ಹೇಳುವುದು, ಚಿಗವ್ವ ಪೆನ್ಸಿಲ್ಲಿನಿಂದ ಚೌಕ ತುಂಬುವುದು. ಮೂರು ಸಲ ಚಹಾ ಆಯಿತು. ಕೊನೆಯ ಸಾಲು ಮುಗಿದ ಮೇಲೆ ಕಾಕಾ ಹಾಳೆಯನ್ನು ಪರದೆಯ ಪಕ್ಕ ಹಿಡಿದು ತಾಳೆ ನೋಡಿ, ಮಡಚದೆ, ಟ್ರಂಕಿನ ತಳಕ್ಕೆ ಹಾಸಿಟ್ಟು ಬಂದ.

"ಈಗ ಒರಸಪಾ," ಅಂದ, "ಎಷ್ಟು ಬೇಕಷ್ಟು ಒರಸು."