ಇಂದುಧರ ತುಂಬಿಸಿದ ಚೌಕ

ಕಡಲಾಚೆಯ ಟೊರೆನ್ಸ್ ಊರಿನಲ್ಲಿ ಮೂವತ್ತು ವರ್ಷ ವಿಮಾನದ ಬಿಡಿಭಾಗಗಳ ನಕ್ಷೆ ಬರೆದು ರಿಟೈರ್ ಆದ ಇಂದುಧರನಿಗೆ ಖಾಲಿ ಜಾಗ ಕಂಡರಾಗದು. ಯಾರದೋ ಅರ್ಜಿ ಫಾರ್ಮಿನಲ್ಲಿ ಒಂದು ಗೆರೆ ಖಾಲಿ ಬಿಟ್ಟಿದ್ದರೂ ಇವನಿಗೆ ಕೈ ತುರಿಕೆ. ಇಂಥವನು ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಗೆ ಬಂದು, ಕೊರೊನಾ ಕಾಲದಲ್ಲಿ ಮನೆಯೊಳಗೆ ಕೂತು ಲೀನಿಯರ್ ಬಿ ಕಲಿತ. ಗ್ರೀಕರು ಈಗಿನ ಅಕ್ಷರಗಳಿಗೂ ಮೊದಲು, ಮೂರು ಸಾವಿರ ವರ್ಷಕ್ಕೂ ಹಿಂದೆ, ಹಸಿಮಣ್ಣಿನ ಹಲಗೆಯ ಮೇಲೆ ಗೀಚುತ್ತಿದ್ದ ಲಿಪಿ ಅದು. ಕ, ಕಿ, ಕು ಎಂದು ಒಂದೊಂದು ಉಚ್ಚಾರಕ್ಕೆ ಒಂದೊಂದು ಗುರುತು.

"ಇದು ನಮ್ಮ ಕಾಗುಣಿತಾನೇ ಕಣೇ!" ಎಂದು ಹೆಂಡತಿ ಭಾನುಮತಿಗೆ ಸಾರಿದ. ಅಲ್ಲೇ ಎಡವಿದ್ದು.

ಹತ್ತಿರದ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿದ್ದು ಇದೇ ಲಿಪಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದ, ಇವರಿಗೆ ಪರಿಚಯದ ಧಾರವಾಡದ ಹುಡುಗಿ ಚೈತನ್ಯಾ, ಕಂಪ್ಯೂಟರಿನಲ್ಲಿ ಗುರುತುಗಳ ಪಟ್ಟಿಯೊಂದು ಬೇಕು ಎಂದಳು. ಇವನೇ ಮೈಮೇಲೆ ಎಳೆದುಕೊಂಡ. ಅಡ್ಡಕ್ಕೆ ವ್ಯಂಜನ, ಉದ್ದಕ್ಕೆ ಸ್ವರ. ಕೆಲವು ಚೌಕ ಖಾಲಿ ಉಳಿದವು. ಅತ್ತ ಯಾವ ವಿದ್ವಾಂಸನಿಗೂ ಉಚ್ಚಾರ ಗೊತ್ತಿಲ್ಲದ ಹತ್ತು-ಹನ್ನೆರಡು ಗುರುತುಗಳು ಅನಾಥವಾಗಿ ಬಿದ್ದಿದ್ದವು. ಕಾಗುಣಿತದಲ್ಲಿ ಖಾಲಿ ಎಂಬುದುಂಟೆ? ಒಂದನ್ನೆತ್ತಿ ಒಂದು ಚೌಕದಲ್ಲಿ ಕೂರಿಸಿಯೇಬಿಟ್ಟ. ಇದು ನನ್ನ ಊಹೆ ಎಂದು ಪಕ್ಕದಲ್ಲಿ ಬರೆಯಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡ, ಹೇಳಲಿಲ್ಲ.

ಎರಡು ವರ್ಷದ ಮೇಲೆ ಚೈತನ್ಯಾ ತನ್ನ ಪ್ರಬಂಧ ಮಂಡಿಸಿದ ದಿನ ಇಂದುಧರ ಇಸ್ತ್ರಿ ಶರ್ಟು ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ. ಅವಳ ಮುಖ್ಯ ಅಧ್ಯಾಯವೆಲ್ಲ ಆ ಒಂದು ಗುರುತಿನ ಮೇಲೇ ನಿಂತಿತ್ತು. ಈ ಉಚ್ಚಾರಕ್ಕೆ ಆಧಾರವೇನು ಎಂದು ಪ್ರೊಫೆಸರ್ ಕೇಳಿದರು. ಎದ್ದು ನಿಂತು "ತಪ್ಪು ನನ್ನದು" ಎಂದಿದ್ದರೆ ಸಾಕಿತ್ತು. ನಮ್ಮ ಮಹಾನುಭಾವ ಬಗ್ಗಿ ಶೂ ಲೇಸ್ ಕಟ್ಟತೊಡಗಿದ. ನಾನೇ ನೋಡಿಕೊಳ್ಳಬೇಕಿತ್ತು ಎಂದು ಹುಡುಗಿ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಳು. ಅಧ್ಯಾಯ ಬಿದ್ದುಹೋಯಿತು. ಮತ್ತೆ ಬರೆಯುವಷ್ಟರಲ್ಲಿ ಫಂಡಿಂಗ್ ನಿಂತಿತು. ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಯಾವುದೋ ಕಂಪನಿಯ ಕೆಲಸ ಹಿಡಿದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ಅಪಾರ್ಟ್‌ಮೆಂಟ್ ಖಾಲಿ ಮಾಡುವ ದಿನ ಇಂದುಧರ ಡ್ರೈವ್ ಮಾಡಿಕೊಂಡು ಹೋದ. ಪುಸ್ತಕಗಳನ್ನೆಲ್ಲ ಡಬ್ಬಗಳಿಗೆ ತುಂಬುತ್ತಿದ್ದಳು. ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಆ ಚೌಕ ತುಂಬಿಸಿದ್ದು ನಾನಮ್ಮ. ಊಹೆ ಅಂತ ನಿಂಗೆ ಹೇಳ್ಲಿಲ್ಲ."

"ಗೊತ್ತೈತ್ರಿ ಅಂಕಲ್," ಎಂದಳು ಚೈತನ್ಯಾ. "ಅವರು ಕೇಳಿದ ಕೂಡ್ಲೇನ ಗೊತ್ತಾತು. ತಪ್ಪು ಯಾರಿಂದರ ಆಗ್ತದ್ರಿ. ನೀವು ಎದ್ದು ನಿಲ್ತೀರಿ ಅಂತ ನಿಮ್ಮ ಕಡೀನ ನೋಡ್ಕೋತ ನಿಂತಿದ್ದೆ."