ದ್ವೀಪಕ್ಕೆ ನೀವೂ ಬನ್ನಿ

ನನ್ನ ತಂಗಿಗೆ ನಾನು ಒಂದೇ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ದಿನಾ ಸಂಜೆ ಫೋನು ಹಿಡಿದು ಬಸ್ಸಾರಿನ ಖಾರದಿಂದ ಹಿಡಿದು ಅವಳ ಆಫೀಸಿನ ಹೊಸ ಮ್ಯಾನೇಜರಿನ ಕೆಮ್ಮಿನವರೆಗೆ ಎಲ್ಲವನ್ನೂ ಮಾತಾಡಿದೆ, ಆ ಒಂದು ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಸುಳ್ಳು ಹೇಳಿ ಫೋನು ಇಟ್ಟೆ. ಒಂದು ತಿಂಗಳಿಗೂ ಮೀರಿ ಹೀಗೇ ನಡೆಯಿತು. ಮಾತು ಇಷ್ಟೇ: "ಸವಿ, ನಿನ್ನ ರಜಕ್ಕೆ ನಾನು ಬೇರೆಯವರನ್ನೂ ಕರೆದುಬಿಟ್ಟಿದ್ದೇನೆ."

ಇದೇನು ಮಹಾ ಅಪರಾಧವೇ ಎಂದು ನಿಮಗನ್ನಿಸಬಹುದು. ಕರೆಯುವುದು ನಮ್ಮ ಕಡೆ ಆಕಳಿಕೆಯಷ್ಟೇ ಸಹಜ. ಚನ್ನರಾಯಪಟ್ಟಣದಲ್ಲಿ ನಮ್ಮಮ್ಮ ಹೊಸಿಲ ಬಳಿ ನಿಂತು ಬೀದಿಯಲ್ಲಿ ಹೋಗುವವರನ್ನೆಲ್ಲ "ಬನ್ನಿ, ಕಾಫಿ ಕುಡ್ಕೊಂಡು ಹೋಗಿ" ಎಂದು ಕರೆಯುತ್ತಿದ್ದಳು. ಅವರು "ಈಗ್ತಾನೆ ಆಯ್ತಮ್ಮ" ಎಂದು ನಡೆಯುತ್ತಲೇ ಹೇಳಿ ಮುಂದೆ ಹೋಗುತ್ತಿದ್ದರು. ಒಳಗೆ ಹಾಲಿಲ್ಲವೆಂಬುದು ಅಮ್ಮನಿಗೂ ಗೊತ್ತು, ಹೊರಗಿನವರಿಗೂ ಗೊತ್ತು. ಒಮ್ಮೆ ಮಾತ್ರ ಊರಿಗೆ ಹೊಸದಾಗಿ ಬಂದಿದ್ದ ದನದ ಡಾಕ್ಟರು, ಪಾಪ ಯಾವ ಸೀಮೆಯವರೋ, ಕರೆದ ಕೂಡಲೇ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೊರಗಿ ಕೂತುಬಿಟ್ಟರು. ಅಮ್ಮ ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಓಡಿ ಹಾಲು ಕಡ ತಂದಳು. ಅವರು ಹೋದಮೇಲೆ "ಕರೆದ್ರೆ ಬಂದೇಬಿಡೋದಾ!" ಎಂದು ಮೂಗಿನ ಮೇಲೆ ಬೆರಳಿಟ್ಟಳು. ನನಗೆ ಆಗ ಅದು ತಮಾಷೆಯಾಗಿ ಕಂಡಿತ್ತು.

ಇಂಥ ಅಮ್ಮನ ಹಿರಿಮಗಳು ನಾನು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಎರಡು ಸಲ ಕೈಕೊಟ್ಟು, ಮೂರನೆಯ ಸಲ ಕನಿಕರಪಟ್ಟು ದಾಟಿಸಿತು. ಅಲ್ಲಿಗೆ ನನ್ನ ಓದು ಮುಗಿಯಿತು. ಮದುವೆಯಾಗಿ ಅಮೆರಿಕದ ಮಿಲ್ಪಿಟಾಸಿಗೆ ಬಂದಮೇಲೆ ಮನೆಯಲ್ಲೇ ಡೇಕೇರ್ ನಡೆಸುತ್ತ ನಾನು ಕಲಿತದ್ದು ಎರಡು ವರ್ಷದ ಮಕ್ಕಳ ಇಂಗ್ಲಿಷು. ಅದರಲ್ಲಿ 'ನೋ' ಎಂಬುದು ಬಹಳ ಮುಖ್ಯವಾದ ಪದ, ದಿನಕ್ಕೆ ನೂರು ಸಲ ಬಳಸುತ್ತೇನೆ. ಆದರೆ ಎದುರಿಗಿರುವವರ ಎತ್ತರ ಮೂರಡಿ ದಾಟಿದರೆ ಆ ಪದ ನನ್ನ ಬಾಯಿಂದ ಹೊರಡುವುದಿಲ್ಲ.

ತಂಗಿ ಸವಿತಾ ಎಂಜಿನಿಯರು. ಮೆನ್ಲೋ ಪಾರ್ಕಿನಲ್ಲಿ ಕೆಲಸ, ಫಾಸ್ಟರ್ ಸಿಟಿಯಲ್ಲಿ ಅಪಾರ್ಟ್‌ಮೆಂಟು, ಕಿಟಕಿ ತೆಗೆದರೆ ಲಗೂನು ಎಂಬ ಹಿನ್ನೀರು. ಅದು ಎಲ್ಲರೂ ಕೋಟ್ಯಧಿಪತಿಗಳಾಗಲು ಹೊರಟಿದ್ದ ಕಾಲ. ಯಾರ ಮನೆಗೆ ಹೋದರೂ ಯಾವ ಕಂಪನಿಯ ಷೇರು ಎಷ್ಟಾಯಿತು, ಯಾರು ಯಾವ ಸ್ಟಾರ್ಟಪ್ಪಿಗೆ ಹಾರಿದರು ಎಂಬುದೇ ಮಾತು. ನನ್ನ ತಂಗಿಯನ್ನು ಮಾತ್ರ ಯಾರೂ ಷೇರಿನ ಬಗ್ಗೆ ಕೇಳುತ್ತಿರಲಿಲ್ಲ. ಹಿಂದಿನ ವರ್ಷ ಅವಳ ಮದುವೆ ಮುರಿದಿತ್ತು. "ಏನಾಯ್ತಂತೆ?" ಎಂದು ನನ್ನನ್ನು ಕೇಳುತ್ತಿದ್ದರು, "ಒಬ್ಬಳೇ ವಾಕಿಂಗಾ?" ಎಂದು ಅವಳನ್ನು. ಅವಳು ಹಬ್ಬದೂಟಗಳಿಗೆ ಬರುವುದನ್ನು ಬಿಟ್ಟಳು. ಆಮೇಲೆ ವಾಕಿಂಗನ್ನೂ ಬಿಟ್ಟಳು.

ಹಾಗಿದ್ದವಳು ಒಂದು ಶನಿವಾರ ನಮ್ಮನೆಗೆ ಬಂದು, ನಮ್ಮ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ, ಒಂದು ಫೋಟೋ ತೋರಿಸಿದಳು. ಆಗಿನ ಇಂಟರ್ನೆಟ್ಟು ನಿಮಗೆ ನೆನಪಿರಬಹುದು, ಫೋಟೋ ಮೇಲಿಂದ ಕೆಳಕ್ಕೆ ಪರದೆ ಇಳಿದಂತೆ ಇಳಿಯುತ್ತಿತ್ತು. ಮೊದಲು ಬರೀ ಆಕಾಶ. ತುಂಬಾ ಹೊತ್ತಾದ ಮೇಲೆ ಒಂದು ಬೆಟ್ಟದ ನೆತ್ತಿ. ಆಮೇಲೆ ಸುಣ್ಣ ಬಳಿದ ಮನೆಗಳು. ನಾನು ಎದ್ದು ಅನ್ನಕ್ಕಿಟ್ಟು ಬರುವಷ್ಟರಲ್ಲಿ ಸಮುದ್ರ ಬರಲು ಶುರುವಾಗಿತ್ತು, ಅಂಥ ನೀಲಿಯನ್ನು ನಾನು ರೇಷ್ಮೆ ಸೀರೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಗ್ರೀಸ್ ದೇಶದ್ದು, ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ಪುಟ್ಟ ದ್ವೀಪ. ಅದರ ಹೆಸರು ನನ್ನ ಬಾಯಲ್ಲಿ ಹೊರಳಲಿಲ್ಲ, ಆದ್ದರಿಂದ ನಮ್ಮಿಬ್ಬರ ನಡುವೆ ಅದು ಬರೀ 'ದ್ವೀಪ' ಆಯಿತು.

"ಹತ್ತು ದಿನ ಅಕ್ಕ. ನೀನು, ನಾನು, ಅಷ್ಟೇ."

"ನಿಮ್ಮ ಭಾವ?"

"ಭಾವನ್ನ ಹತ್ತು ದಿನ ಬಿಟ್ಟಿದ್ರೆ ಕರಗಿಹೋಗಲ್ಲ."

"ನಿನ್ನ ಮನೆ ಮುಂದೇನೇ ನೀರಿದೆಯಲ್ಲೇ, ಇನ್ನೊಂದು ನೀರು ನೋಡೋಕೆ ಅಷ್ಟು ದೂರ ಹೋಗ್ಬೇಕಾ?"

"ಆ ನೀರಿನ ಸುತ್ತ ಕನ್ನಡ ಮಾತಾಡೋರಿಲ್ಲ," ಎಂದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣು ಸಮುದ್ರದ ಮೇಲೇ ಇತ್ತು. "ಯಾರಿಗೂ ನಾನು ಗೊತ್ತಿರಬಾರದು ಅಕ್ಕ. ಯಾರೂ ಏನೂ ಕೇಳಬಾರದು."

ನಾನು ಹೂಂ ಎಂದೆ. ಹೂಂ ಎಂದವಳಿಗೆ ಆ ರಾತ್ರಿಯಿಂದಲೇ ಚಿಂತೆ ಹತ್ತಿತು. ನನಗೆ ಈಜು ಬಾರದು. ದ್ವೀಪಕ್ಕೆ ದೋಣಿಯಲ್ಲೇ ಹೋಗಬೇಕಂತೆ. ಅಲ್ಲಿ ಮೀನು ಬಿಟ್ಟು ಬೇರೇನು ಬೇಯಿಸುತ್ತಾರೋ! ವೀಸಾ ಕೊಡುವವರು ನನ್ನನ್ನು ಏನಾದರೂ ಕೇಳಿದರೆ, ಎರಡು ವರ್ಷದ ಮಗುವಿನ ಇಂಗ್ಲಿಷಿನಲ್ಲಿ ಏನು ಉತ್ತರ ಕೊಡಲಿ? ಚಿಂತೆಗೆ ಒಂದು ವಿಶೇಷ ಗುಣವಿದೆ, ಮೇಲೆ ಕಾಣುವ ಚಿಂತೆಗಳೆಲ್ಲ ಅಡಿಯಲ್ಲಿರುವ ಒಂದು ದೊಡ್ಡ ಚಿಂತೆಯನ್ನು ಮುಚ್ಚಲು ಹೊದಿಸಿದ ಕಂಬಳಿಗಳು. ಅಡಿಯಲ್ಲೇನಿದೆ ಎಂದು ಎತ್ತಿ ನೋಡುವ ಧೈರ್ಯ ನನಗಾಗ ಇರಲಿಲ್ಲ.

ಮುಂದಿನ ಭಾನುವಾರ ನಮ್ಮ ಕನ್ನಡದವರ ಪಾಟ್‌ಲಕ್ಕು, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ. ನಾನು ಪುಳಿಯೋಗರೆಯ ಪಾತ್ರೆ ಕೆಳಗಿಡುತ್ತಿದ್ದಂತೆ ಸುಧಾ ಪಕ್ಕಕ್ಕೆ ಬಂದರು. ಸುಧಾ ಹುಬ್ಬಳ್ಳಿಯವರು, ಅವರ ಮಗಳು ನನ್ನ ಡೇಕೇರಿನಲ್ಲೇ ಬೆಳೆದವಳು. ಮನಸ್ಸು ಬಂಗಾರ. "ಇನ್ನೆರಡು ತಿಂಗಳಿಗೆ ಡೇಕೇರ್ ಬಂದ್ ಅಂತ, ಎಲ್ಲಿಗ್ರಿ ಸವಾರಿ?" ಎಂದರು. ನಾನು ದ್ವೀಪವನ್ನು ವರ್ಣಿಸಿದೆ. ವರ್ಣಿಸುವಾಗ ಬಂದ ಹೆಮ್ಮೆಯಲ್ಲಿ ನಾನೇ ಅದನ್ನು ಕಟ್ಟಿಸಿದವಳಂತೆ ಮಾತಾಡಿದೆನೆಂದು ಕಾಣುತ್ತದೆ. ಅವರ ಮುಖ ಅರಳಿತು. ಆ ಅರಳಿದ ಮುಖವನ್ನು ನೋಡಿಯೂ ಸುಮ್ಮನಿರಲು ಅಮ್ಮ ನನಗೆ ಕಲಿಸಿರಲಿಲ್ಲ.

"ನೀವೂ ಬನ್ನಿ," ಎಂದುಬಿಟ್ಟೆ.

'ಈಗ್ತಾನೆ ಆಯ್ತು' ಎನ್ನುವಂಥ ಉತ್ತರಕ್ಕೆ ಕಾಯುತ್ತ ಸೌಟು ಹುಡುಕುತ್ತಿದ್ದೆ. ಸುಧಾ ನನ್ನ ಎರಡೂ ಕೈ ಹಿಡಿದುಕೊಂಡರು. "ಖರೇನs ಏನ್ರಿ? ನಮ್ಮವರು ವರ್ಷದಿಂದ ಎಲ್ಲಿಗೂ ಕರ್ಕೊಂಡು ಹೋಗಿಲ್ಲ ನೋಡ್ರಿ. ಬರ್ತೀವಿ ತಗೋರಿ! ಅತ್ತಿಯವರನ್ನೂ ಕರ್ಕೊಂಡ ಬರ್ತೀವಿ, ಅವರೂ ಇಂಥಾ ಸಮುದ್ರ ನೋಡಿಲ್ಲ."

ದನದ ಡಾಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದಾಗಿತ್ತು.

ತಪ್ಪು ಅವರದಲ್ಲ. ಅವರ ಕಡೆ ಬನ್ನಿ ಎಂದರೆ ಬನ್ನಿ ಎಂದೇ ಅರ್ಥ. ಅವರ ಮನೆಗೆ ಹೋಗಿ ಉಣ್ಣದೆ ಹೊರಗೆ ಬಂದವರನ್ನು ನಾನು ಕಂಡಿಲ್ಲ. ಆಗಲೇ "ತಡೀರಿ, ಸ್ವಲ್ಪ ತಂಗಿಯನ್ನು ಕೇಳುತ್ತೇನೆ" ಎನ್ನಬಹುದಿತ್ತು. ಅನ್ನಲಿಲ್ಲ. ಅದಕ್ಕಿಂತ ಕೆಟ್ಟದೆಂದರೆ, ಒಳಗೆಲ್ಲೋ ಒಂದು ಸಣ್ಣ ನೆಮ್ಮದಿಯೂ ಆಯಿತು. ಯಾಕೆಂದು ಆಗ ಕೇಳಿಕೊಳ್ಳಲಿಲ್ಲ.

ಆಮೇಲೆ ನೋಡಿ, ಕರೆ ಬೆಳೆಯಿತು. ಸುಧಾ ಫ್ರೀಮಾಂಟಿನ ಒಂದು ಸಂಸಾರವನ್ನು ಕರೆದರು, ಅವರೂ ಒಪ್ಪಿದರು. ಫೋನಿನಲ್ಲಿ ದಿನಕ್ಕೊಂದು ಸುದ್ದಿ. "ರೈಸ್ ಕುಕ್ಕರ್ ನಾ ತರ್ತೀನ್ರಿ, ಅಲ್ಲಿ ಕರೆಂಟು ಬ್ಯಾರೆ ಇರ್ತದಂತ, ನಮ್ಮವರು ಅದಕ್ಕೊಂದು ಡಬ್ಬಿ ತಂದಾರ." "ಅತ್ತಿಯವರು ಕಡಕ್ ರೊಟ್ಟಿ ಬಡೀಲಿಕ್ಕೆ ಸುರು ಮಾಡ್ಯಾರ. ಹತ್ತು ದಿನಕ್ಕ ಸಾಕಾಗಬೇಕಲ್ರಿ." ಆ ಮುದುಕಮ್ಮ ಅಮೆರಿಕದ ಒಲೆಯ ಮುಂದೆ ನಿಂತು, ನಾನು ಬಾಯಿಮಾತಿಗೆ ಕರೆದ ಊರಿಗಾಗಿ ರೊಟ್ಟಿ ಬಡಿಯುವ ಸದ್ದು ನನಗೆ ಮಿಲ್ಪಿಟಾಸಿನವರೆಗೂ ಕೇಳಿಸಿದಂತಾಗುತ್ತಿತ್ತು. ಫೋನು ಹೊಡೆದುಕೊಂಡರೆ ಬೆಚ್ಚುತ್ತಿದ್ದೆ. ನಮ್ಮನೆಯವರು ಇಂಟರ್ನೆಟ್ಟಿನಲ್ಲಿ ಕೂತಿದ್ದಷ್ಟು ಹೊತ್ತು ಫೋನಿನ ಲೈನು ಬಿಡುವಿರುತ್ತಿರಲಿಲ್ಲ. ಅದಕ್ಕಾಗಿ ವರ್ಷಗಟ್ಟಲೆ ಅವರಿಗೆ ಬೈದಿದ್ದ ನಾನು, ಈಗ "ಇನ್ನೊಂಚೂರು ಹೊತ್ತು ನೋಡ್ರೀ, ಷೇರು ಏನಾಯ್ತೋ" ಎಂದು ಕಾಫಿ ಮಾಡಿಕೊಟ್ಟು ಕೂರಿಸುತ್ತಿದ್ದೆ. ಅವರು ಸಂಶಯದಿಂದ ನನ್ನನ್ನೇ ನೋಡುತ್ತಿದ್ದರು.

ಇತ್ತ ಸವಿ ಬದಲಾಗುತ್ತಿದ್ದಳು. ಹಗುರವಾಗಿ ಮಾತಾಡುತ್ತಿದ್ದಳು. ಎರಡು ಟೋಪಿ ಕೊಂಡಿದ್ದಳು, ನನಗೊಂದು. ಬೆಳಿಗ್ಗೆ ಎದ್ದು ಸಮುದ್ರದ ದಂಡೆಯಲ್ಲಿ ಕೂರುವುದು, ಹಸಿವಾದರೆ ಏಳುವುದು. ಅವಳ ಯೋಜನೆಯಲ್ಲಿ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅವಳ ದನಿ ಹಗುರಾದಷ್ಟೂ ನನ್ನ ಒಲೆಯ ಮೇಲಿನ ಸುಳ್ಳು ಹಾಲು ಬೇಗಬೇಗ ಉಕ್ಕುತ್ತಿತ್ತು.

ವೀಸಾಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ದಿನ ಬಂತು. ಬೆಳಿಗ್ಗೆ ಅವಳೇ ನಮ್ಮನೆಗೆ ಬಂದು ನನ್ನನ್ನು ಕಾರಿಗೆ ಹತ್ತಿಸಿಕೊಂಡಳು. ಫ್ರೀವೇಯಲ್ಲಿ ಕಾರುಗಳು ಮದುವೆ ಊಟದ ಸಾಲಿನಂತೆ ಒಂದರ ಹಿಂದೊಂದು ನಿಂತಿದ್ದವು. ಮೆನ್ಲೋ ಪಾರ್ಕ್ ಬಂದಾಗ ಅವಳ ಆಫೀಸಿನ ಕಡೆ ಕೈ ಮಾಡಿ "ಟಾಟಾ" ಎಂದಳು. ಫಾಸ್ಟರ್ ಸಿಟಿ ದಾಟಿದಮೇಲೆ ಹೇಳೋಣವೆಂದುಕೊಂಡೆ. ದಾಟಿತು. ಏರ್‌ಪೋರ್ಟ್ ಬಂದಮೇಲೆ ಹೇಳೋಣವೆಂದುಕೊಂಡೆ.

"ಒಂದೇ ರೂಮು ಅಕ್ಕ, ಎರಡು ಮಂಚ," ಎಂದಳು ಸವಿ. "ಕಿಟಕಿ ಸಮುದ್ರದ ಕಡೆಗೇ ಇರೋದು ಬೇಕು ಅಂತ ಕೇಳಿದೀನಿ. ಹೂಂ ಅಂದಿದಾರೆ."

"ಸುಧಾ ಅವರೂ ಬರ್ತಾರೆ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. "ಎಲ್ಲಿಗೆ, ವೀಸಾಕ್ಕಾ?"

"ದ್ವೀಪಕ್ಕೆ."

ಕಾರು ಮುಂದೆ ಹೋಗುತ್ತಲೇ ಇತ್ತು. ತಲೆಯ ಮೇಲೊಂದು ವಿಮಾನ ಇಳಿಯಿತು. "ಅವರೊಬ್ಬರೇನಾ?"

"ಅವರ ಯಜಮಾನರು, ಮಕ್ಕಳು, ಅತ್ತೆ. ಫ್ರೀಮಾಂಟಿನವರೂ ನಾಲ್ಕು ಜನ."

"ಸರಿ. ಪುರೋಹಿತರನ್ನೂ ಕರ್ಕೊಂಡುಬಿಡು," ಎಂದಳು ಸವಿ. "ಸಮುದ್ರದ ದಂಡೇಲಿ ಸತ್ಯನಾರಾಯಣ ಪೂಜೆ ಮಾಡ್ಸಿಬಿಡೋಣ. ಪ್ರಸಾದ ಹಂಚೋವಾಗ ಒಬ್ಬೊಬ್ಬರಿಗೂ ನಾನೇ ಹೇಳ್ತೀನಿ ಏನಾಯ್ತು ಅಂತ." ಮುಂದಿನ ತಿರುವಿನಲ್ಲಿ ಫ್ರೀವೇಯಿಂದ ಇಳಿದು ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕಾರು ನಿಲ್ಲಿಸಿದಳು. ತನ್ನ ಸೆಲ್‌ಫೋನು ತೆಗೆದು ನನ್ನ ಮಡಿಲಿಗಿಟ್ಟಳು. "ಮಾಡು."

ಸುಧಾ "ಹಲೋ" ಎಂದರು. ಹಿಂದೆ ತಪತಪ ಸದ್ದು ಕೇಳುತ್ತಿತ್ತು. "ಸುಧಾ ಅವರೇ, ನಮ್ಮ ಸವಿಗೆ ಮನಸ್ಸು ಸ್ವಲ್ಪ ಸರಿಯಿಲ್ಲ..." ಎಂದು ಶುರುಮಾಡಿದೆ. ಸವಿ ನನ್ನ ಕಡೆ ತಿರುಗಿದಳು. ನನ್ನನ್ನೇ ನೋಡಿದಳು. ಆ ನೋಟದ ಮುಂದೆ ಸುಳ್ಳು ಅಲ್ಲಿಗೇ ನಿಂತಿತು. "ಅವಳದೇನಿಲ್ಲ. ನಂದೇ ತಪ್ಪು. ಅವಳನ್ನ ಕೇಳದೆ ನಿಮ್ಮನ್ನ ಕರೆದೆ. ನಾವಿಬ್ಬರೇ ಹೋಗ್ಬೇಕು ಅಂತ ಅವಳ ಆಸೆ. ಬಾಯಿಮಾತಿಗೆ ಕರೆದುಬಿಟ್ಟೆ ಸುಧಾ ಅವರೇ."

ತಪತಪ ನಿಂತಿತು. "ಬಾಯಿಮಾತಿಗಾ?" ಎಂದರು ಸುಧಾ. ಸಣ್ಣ ದನಿ. ಆಮೇಲೆ, "ಅಲ್ರಿ ಪದ್ಮಕ್ಕ, ಒಂದ ಮಾತು ಮೊದಲs ಹೇಳಬಾರದೇನ್ರಿ? ನಮ್ಮ ಅತ್ತಿಯವರಿಗೆ ಏನಂತ ಹೇಳ್ಲಿ ಈಗ?"   ಕಡೆಗೆ ಅವರೇ, "ಇರ್ಲಿ ಬಿಡ್ರಿ. ರೊಟ್ಟಿ ಕಳಿಸ್ತೀನಿ, ನೀವಿಬ್ಬರs ತಿನ್ರಿ. ಆದ್ರ ಇನ್ನೊಮ್ಮೆ ಕರೆದ್ರ ನಾ ಏನ ನಂಬಾಕಿ ಅಲ್ಲ," ಎಂದು ಫೋನಿಟ್ಟರು.

ಕೆಲಸ ಮುಗಿಯಿತೆಂದುಕೊಂಡೆ. ಸವಿ ಕಾರು ಹೊರಡಿಸಲಿಲ್ಲ.

"ಯಾಕೆ ಕರೆದೆ?"

"ಹೇಳಿದೆನಲ್ಲ, ಹೋದ ತಿಂಗಳು ಪಾಟ್‌ಲಕ್ಕಿನಲ್ಲಿ ಬಾಯಿಮಾತಿಗೆ."

"ಮರುದಿನಾನೇ ಬೇಡ ಅನ್ನಬಹುದಿತ್ತು. ಒಂದು ತಿಂಗಳು ಯಾಕೆ ಬಿಟ್ಟೆ?"

ಕಂಬಳಿಗಳೆಲ್ಲ ಸರಿದ ಮೇಲೆ ಅಡಿಯಲ್ಲಿದ್ದದ್ದು ಒಂದೇ. ಹತ್ತು ದಿನ ಅವಳ ಜೊತೆ ಒಬ್ಬಳೇ ಕೂರಲು ನನಗೆ ಹೆದರಿಕೆಯಾಗಿತ್ತು. ಜನರಿದ್ದರೆ, ಅವಳು ಹೋದ ವರ್ಷದ ಮಾತೆತ್ತಿದಾಗ, ಅಡುಗೆ, ಪಾತ್ರೆ, ಮಕ್ಕಳು ಎಂದು ತಪ್ಪಿಸಿಕೊಳ್ಳಬಹುದಿತ್ತು. ಹಾಗೆಂದೇ ಹೇಳಿದೆ.

ಸವಿ ಸ್ಟಿಯರಿಂಗಿನ ಮೇಲೆ ಬೆರಳು ಆಡಿಸುತ್ತ, "ಹೋದ್ವರ್ಷ ಅವನು ಮನೆ ಬಿಟ್ಟು ಹೋದ ವಾರ ಫೋನು ಮಾಡಿದ್ದೆ ನಿಂಗೆ," ಎಂದಳು. "'ಬಾ, ನಮ್ಮನೇಲೇ ಇರು' ಅಂದೆ ನೀನು. 'ಪರವಾಗಿಲ್ಲ ಅಕ್ಕ, ಇಲ್ಲೇ ಇರ್ತೀನಿ' ಅಂದೆ ನಾನು. ನಾನೂ ಅದೇ ಅಮ್ಮನ ಮಗಳಲ್ವಾ? ಒಳಗೆ ಹಾಲಿಲ್ಲ ಅಂತ ಗೊತ್ತಾಯ್ತು."

ಅವಳಿಗೆ ಗೊತ್ತಾದದ್ದು ನಿಜ. ಆಗ ನನ್ನ ತಲೆಯಲ್ಲಿದ್ದದ್ದು ಮಕ್ಕಳನ್ನು ಬಿಡಲು ಬರುವ ಅಮ್ಮಂದಿರು. ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತಾರೆ, ಕೇಳುತ್ತಾರೆ, ನಾನು ಏನು ಹೇಳಲಿ ಎಂಬುದೊಂದೇ ಯೋಚನೆ. ಅವಳು 'ಪರವಾಗಿಲ್ಲ' ಎಂದಾಗ ಉಸಿರು ಬಿಟ್ಟಿದ್ದೆ. ಉಸಿರು ಬಿಟ್ಟ ಸದ್ದು ಫೋನಿನಲ್ಲಿ ಅವಳಿಗೆ ಕೇಳಿಸಿತ್ತೋ ಏನೋ.

ಹಿರಿಯಳು ನಾನು. ನಮ್ಮಲ್ಲಿ ಹಿರಿಯರು ಕಿರಿಯರಿಗೆ ತಿಂಡಿ ಕೊಡುತ್ತಾರೆ, ಬುದ್ಧಿ ಹೇಳುತ್ತಾರೆ, ಹೆಚ್ಚೆಂದರೆ ಕಣ್ಣೊರೆಸುತ್ತಾರೆ. ಇದನ್ನು ಹೇಳುವ ಅಭ್ಯಾಸ ಯಾರಿಗೂ ಇಲ್ಲ. 

"ತಪ್ಪಾಯ್ತು ಸವಿ," ಎಂದೆ. "ಫೋನಿಟ್ಟು ಆವತ್ತೇ ನಿನ್ನ ಮನೆಗೆ ಬರಬೇಕಿತ್ತು. ನಿನ್ನ ಕೈ ಹಿಡಿದು ಕರ್ಕೊಂಡು ಹೋಗಬೇಕಿತ್ತು. ನಾನು ಬರಲಿಲ್ಲ. ತಪ್ಪಾಯ್ತು ಕಣೇ."