ಧೂಳಿಗೆ ಬರುವ ಕೆಮ್ಮು

ನಿಮ್ಮ ಮಗು ಆರೋಗ್ಯವಾಗಿದೆ ಎಂದು ಹೇಳಿದವರನ್ನು, ಯಾರ ಮಕ್ಕಳಿಗೆ ಹೋಲಿಸಿ ಹಾಗೆ ಹೇಳಿದಿರಿ ಎಂದು ನೀವು ಎಂದಾದರೂ ಕೇಳಿದ್ದೀರಾ? ನಾನು ಕೇಳಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಪ್ರತಿ ಪದಕ್ಕೂ ಅರ್ಥ ಕೇಳಿ ಗೆದ್ದವಳು ನಾನು. ‘ಆರೋಗ್ಯವಂತ’ ಎಂಬ ಪದವನ್ನು ಮಾತ್ರ ಪ್ರಶ್ನಿಸದೆ ಒಪ್ಪಿಕೊಂಡೆ.

ಟಿ. ದಾಸರಹಳ್ಳಿಯ ಶಾಲೆಯೊಂದರಲ್ಲಿ ಮಕ್ಕಳ ಶ್ವಾಸಕೋಶದ ಶಕ್ತಿಯನ್ನು ಅಳೆಯುವ ತಂಡಕ್ಕೆ ನಾನು ಸ್ವಯಂಸೇವಕಿಯಾಗಿ ಸೇರಿದ್ದೆ. ಆರೋಗ್ಯವಂತ ಮಕ್ಕಳು ಎಷ್ಟು ಗಾಳಿ ಊದಬಲ್ಲರು ಎಂದು ದಾಖಲಿಸಿ, ಈ ಭಾಗಕ್ಕೊಂದು ಅಳತೆಗೋಲು ಸಿದ್ಧಪಡಿಸುವುದು ಉದ್ದೇಶ. ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಗಾಳಿಯ ವಿರುದ್ಧ ಇದೇ ನಮ್ಮ ಸಾಕ್ಷ್ಯವಾಗುತ್ತದೆ ಎಂದಿದ್ದರು ತಂಡದ ಹಿರಿಯ ವೈದ್ಯರು. ಅವರ ಮಾತನ್ನು ಮನೆಮನೆಗೆ ಹೊತ್ತೊಯ್ದು ತಾಯಂದಿರ ಸಹಿ ಪಡೆದವಳು ನಾನೇ.

ನಮೂನೆಯ ಮೊದಲ ಪ್ರಶ್ನೆ: ಮಗುವಿಗೆ ಕೆಮ್ಮು ಇದೆಯೇ? ಇದ್ದರೆ ಆ ಮಗುವನ್ನು ಅಳತೆಯಿಂದ ಕೈಬಿಡಬೇಕು.

“ಇಲ್ಲ ಮೇಡಂ,” ಎಂದರು ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ತಾಯಿ. ಆರನೇ ತರಗತಿಯ ಅವರ ಮಗಳು ಪಕ್ಕದಲ್ಲೇ ಕೆಮ್ಮಿದಳು. ನಾನು ತಲೆಯೆತ್ತಿ ನೋಡಿದೆ.

“ಅದಾ? ಅದು ಕೆಮ್ಮಲ್ಲ, ಧೂಳು. ಹಿಂದ್ಗಡೆ ಗ್ರೈಂಡಿಂಗ್ ಶೆಡ್ ಶುರುವಾದ್ರೆ ಬೀದಿಯವ್ರೆಲ್ಲ ಹಿಂಗೇ. ಭಾನುವಾರ ಬಂದ್ ನೋಡಿ, ಒಬ್ರೂ ಕೆಮ್ಮಲ್ಲ.” ಸಹಿ ಹಾಕಿ ಕೇಳಿದರು: “ಏನಾದ್ರೂ ಇದ್ರೆ ಹೇಳ್ತೀರಲ್ಲ?”

“ಖಂಡಿತ ಹೇಳ್ತೀನಿ ಅಕ್ಕ.”

ಆ ಬೀದಿಯಲ್ಲಿ ಜ್ವರದ ಜೊತೆ ಬಂದರೆ ಮಾತ್ರ ಅದು ಕೆಮ್ಮು. ನಾನು ‘ಇಲ್ಲ’ ಎಂದೇ ಬರೆದು, ಅಂಚಿನಲ್ಲಿ ಆ ತಾಯಿಯ ಮಾತನ್ನೂ ಸೇರಿಸಿದೆ. ವೈದ್ಯರಿಗೆ ತೋರಿಸಿದಾಗ, “ಒಳ್ಳೆ ಪಾಯಿಂಟ್, ವರದಿಯಲ್ಲಿ ಹಾಕೋಣ,” ಎಂದರು.

ಶಾಲೆಯಲ್ಲಿ ಆ ಹುಡುಗಿ ಮೂಗಿಗೆ ಕ್ಲಿಪ್ ಹಾಕಿಸಿಕೊಂಡು ಕೊಳವೆಗೆ ಊದಿದಳು. “ಊದು, ಊದು, ಇನ್ನೂ!” ಎಂದು ನಾನು ಕೂಗುತ್ತಿದ್ದಂತೆಯೇ ಉಸಿರಿನ ಬಲ ತೋರಿಸುವ ಪರದೆಯ ಗೆರೆ ಬೇಗ ಬಾಗಿತು.

“ಇಷ್ಟಕ್ಕೆ ಬರ್ತ್‌ಡೇ ಕ್ಯಾಂಡಲ್ಲೂ ಆರಲ್ಲ ಕಣೇ!” ಎಂದಳು ಸಾಲಿನಲ್ಲಿದ್ದ ಗೆಳತಿ.

“ನೀನ್ ಬಾ, ನೋಡೋಣ.”

ಗೆಳತಿಯ ಗೆರೆಯೂ ಅಲ್ಲೇ ಬಾಗಿತು.

ಕೆಲವು ತಿಂಗಳ ಮೇಲೆ ವರದಿ ಬಂತು. ಧೂಳಿಗೆ ಕೆಮ್ಮುವ ಆ ಮಕ್ಕಳ ಸರಾಸರಿಯೇ ಈ ಭಾಗದ ‘ನಾರ್ಮಲ್’ ಆಗಿತ್ತು. ಧೂಳಿನ ಮಾತು ಎಲ್ಲೂ ಇರಲಿಲ್ಲ. ವೈದ್ಯರನ್ನು ಕೇಳಿದೆ.

“ಕೆಮ್ಮು ಇಲ್ಲ ಅಂತ ಬರೆದಿದ್ದು ನೀನೇ ಅಲ್ವೇನಮ್ಮಾ?” ಎಂದರು.

ಯಾವ ವೇದಿಕೆಯ ಮೇಲೂ ನನ್ನನ್ನು ಯಾರೂ ಇಷ್ಟು ಚೊಕ್ಕವಾಗಿ ಸೋಲಿಸಿರಲಿಲ್ಲ.

ಫಲಿತಾಂಶದ ಕಾರ್ಡು ಕೊಡಲು ಹೋದಾಗ ಆ ತಾಯಿ ಮಗಳಿಂದ ‘ನಾರ್ಮಲ್’ ಎಂದು ಓದಿಸಿ ನಕ್ಕರು. “ಆಸ್ಪತ್ರೆಗೆ ತೋರಿಸ್ಬೇಕು ಅಂತಿದ್ದೆ. ಇನ್ನು ಬೇಕಾಗಿಲ್ಲ ಬಿಡಿ.”

“ತೋರಿಸಿ ಅಕ್ಕ. ಅದು ಕೆಮ್ಮೇ.”

ಅವರ ನಗು ನಿಂತಿತು. “ಹಂಗಾದ್ರೆ ಇದನ್ನ ಯಾಕ್ ತಂದ್ಕೊಟ್ರಿ?”

ನಿಮ್ಮ ಮನೆಗೂ ಇಂಥ ನಮೂನೆ ಬಂದರೆ, ದಯವಿಟ್ಟು ಧೂಳಿಗೆ ಬರುವ ಕೆಮ್ಮನ್ನೂ ಕೆಮ್ಮು ಎಂದೇ ಬರೆಸಿ.